ದಿಲಾ

ಎಪ್ಪತ್ತೊಂದು ವರ್ಷದ ನಮ್ಮ ಸೋದರಮಾವನ ಹೆಸರು ಬಾಯ್.
ದೊಡ್ಡಮ್ಮನ ಹೆಸರು ಬೇಬಿ;
ಕಟ್ಟಿಸಿದ ಹಲ್ಲನ್ನು ನೀರಿನ ಲೋಟದಲ್ಲಿಟ್ಟು
ಬೇಬಿ ಮಲಗುತ್ತಾಳೆ, ರಾತ್ರಿ ಎಂಟಕ್ಕೇ.
ಎಸ್ತಾನ್ಸಿಯಾದಲ್ಲಿ ಇದಕ್ಕೆ ಯಾರೂ ನಗುವುದಿಲ್ಲ.
ಹಲ್ಲು ಹುಟ್ಟುವ ಮೊದಲು ಅಂಟಿದ ಹೆಸರು
ಹಲ್ಲು ಉದುರಿದ ಮೇಲೂ ಉದುರುವುದಿಲ್ಲ.

ತಮ್ಮ ಪಾಟಿಸ್.
ಮೂರು ವರ್ಷದವನಿದ್ದಾಗ ಮೀನಿನ ರಸದ ಶೀಸೆ ಉರುಳಿಸಿ
ನೆಲ ನೆಕ್ಕಿದ. ಅಷ್ಟೇ ಅವನ ಅಪರಾಧ.
ಆಮೇಲೆ ಹಡಗು ಹತ್ತಿದ, ಮೀಸೆ ಬಿಟ್ಟ, ಮೂರು ಕೋಣೆಯ ಮನೆ ಕಟ್ಟಿದ.
ಸತ್ತಾಗ, ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ
ರೊಡೆಲಿಯೊ ಎಂದು ಬರೆಸಿದೆವು, ದೊಡ್ಡದಾಗಿ.
ಬಂದವರು ಓದಿ, ಮನೆ ತಪ್ಪಿತೆಂದು ಮುಂದಿನ ಬೀದಿಗೆ ನಡೆದರು.
ಸಂಜೆ ಬಾಯ್ ಮಾವ ದೋಣಿಗೆ ಬಳಿಯುವ ಪೇಂಟ್ ತಂದು
ಹೆಸರಿನ ಕೆಳಗೆ ಪಾಟಿಸ್ ಎಂದು ಗೀಚಿದ, ಓರೆಕೋರೆಯಾಗಿ.
ಆಗ ಜನ ಅಳುವುದಕ್ಕೆ ಒಳಗೆ ಬಂದರು.

ತಂಗಿ ಡಿಡಿಂಗ್. ನಾನು ನೆನೆ.
ಕರೆಂಟು ಹೋದ ಒಂದು ರಾತ್ರಿ
ಎರಡು ವರ್ಷದ ಡಿಡಿಂಗ್ ಅಮ್ಮನ ಸೊಂಟದಿಂದ ಬೆರಳು ಚಾಚಿ
ಕಂದಿಲಾ ಎನ್ನಲು ಹೋಗಿ, ಮುಂದಿನದನ್ನು ನುಂಗಿ
ದಿಲಾ ಎಂದಳು.
ನಮ್ಮಲ್ಲಿ ಕಂದಿಲಾ ಎಂದರೆ ಮೇಣದಬತ್ತಿ,
ದಿಲಾ ಎಂದರೆ ನಾಲಿಗೆ.
ಅಪ್ಪ ಉರಿಯನ್ನೇ ನೋಡುತ್ತ, ಅವಳು ಹೇಳಿದ್ದೇ ಸರಿ, ಎಂದ.
ಮುಗಿಯಿತು. ಅಂದಿನಿಂದ ಮನೆಯಲ್ಲಿ ಉರಿದದ್ದೆಲ್ಲ ದಿಲಾ.
ಅಂಗಡಿಯಲ್ಲಿ, ಒಂದು ಡಜನ್ ನಾಲಿಗೆ ಕೊಡಿ ಎಂದು ಕೇಳಿ
ನಗೆಪಾಟಲಾದೆ ನಾನು, ಒಂಬತ್ತರ ಹುಡುಗಿ.
ಅಮ್ಮ ಕೊನೆಯುಸಿರಿನಲ್ಲಿದ್ದಾಗ ಪಾದ್ರಿ ಬಂದರು.
ದಿಲಾ ಹಚ್ಚಿ, ಅಂದಳು.
ಅವರು ಗಾಬರಿಯಾಗಿ ಅವಳ ಬಾಯನ್ನೇ ನೋಡಿದರು.

ಅಮ್ಮ ಬಿಟ್ಟು ಹೋದದ್ದು
ಮೀನು ಒಣಗಿಸುವ ಅಂಗಳ, ಅಗಲ ಹದಿನಾಲ್ಕು ಹೆಜ್ಜೆ.
ಯಾರ ಹೆಜ್ಜೆ ಎಂಬಲ್ಲಿ ಮಾತು ಕೆಟ್ಟಿತು.
ಡಿಡಿಂಗ್ ಬೇಲಿ ನೆಟ್ಟಳು. ನಾನು ಕಿತ್ತೆ.
ಅವಳು ಮತ್ತೆ ನೆಟ್ಟು ಕೋರ್ಟಿಗೆ ಹೋದಳು. ಕಾಗದ ಬಂತು:
ಫ್ಲೋರ್ದೆಲಿಸಾ ವಿರುದ್ಧ ಪುರಿಫಿಕಾಸಿಯೊನ್.
ಒಲೆಯ ಮುಂದೆ ಕೂತು ಎರಡು ಸಲ ಓದಿದೆ.
ಪಾಪ, ಯಾರೋ ಇಬ್ಬರು ಹೆಂಗಸರು,
ಎಂಥ ಮಾತು ಆಡಿಕೊಂಡಿದ್ದಾರೆ, ಅನ್ನಿಸಿತು.
ಅನ್ನ ಸೀದ ವಾಸನೆಗೆ ಎಚ್ಚರವಾಯಿತು.

ಒಂಬತ್ತು ವರ್ಷ.
ನಡುವೆ ಒಂದೇ ಗೋಡೆ. ಅವಳ ಬಾಣಲೆಯ ಬೆಳ್ಳುಳ್ಳಿ ನನ್ನ ಮೂಗಿಗೆ,
ನನ್ನ ಕೆಮ್ಮು ಅವಳ ಕಿವಿಗೆ.
ಕರೆಂಟು ಹೋದಾಗಲೆಲ್ಲ ಮೊಮ್ಮಗನಿಗೆ
ದಿಲಾ ತಾ ಎನ್ನುತ್ತಿದ್ದೆ, ಹಲ್ಲು ಕಚ್ಚಿ.
ಕತ್ತಲಾದರೆ ಅವಳ ಮಾತೇ ಬೇಕು.
ಎಷ್ಟು ಸಲ ಪ್ರಯತ್ನಿಸಿದೆ, ಕಂದಿಲಾ, ಕಂದಿಲಾ ಎಂದು,
ಚರ್ಚಿನಲ್ಲಿ ಓದಿದ ಹಾಗಿತ್ತು.

ಈ ನವೆಂಬರಿನ ಗಾಳಿ
ದಕ್ಕೆಯ ಹನ್ನೆರಡು ದೋಣಿಗಳನ್ನು ಹೇಳಹೆಸರಿಲ್ಲದಂತೆ ಮಾಡಿತು.
ನಮ್ಮ ಬೇಲಿಯನ್ನೂ.
ಮೊಮ್ಮಗ ಶಾಲೆಯ ಕಟ್ಟಡದಲ್ಲಿದ್ದ, ಬೇಬಿ ದೊಡ್ಡಮ್ಮನ ಜೊತೆ.
ಮನೆಯಲ್ಲಿ ಮೊಣಕಾಲುದ್ದ ನೀರು, ಮೇಜಿನ ಮೇಲೆ ನಾನು ಮತ್ತು ಹುಂಜ.
ಮಾಡಿನ ತಗಡು ಎದ್ದೆದ್ದು ಬೀಳುತ್ತಿತ್ತು;
ಗೋಡೆ ತಟ್ಟಿದರೂ ಕೇಳದಷ್ಟು ಸದ್ದು.
ಆಗ ಫೋನಿಗೆ ಬಂತು, ಹೆಸರು ಅಳಿಸಿಹಾಕಿದ್ದ ನಂಬರಿನಿಂದ:

ನೆನೆ, ದಿಲಾ ಇದೆಯಾ?

ತುಂಬ ಹೊತ್ತು ನೋಡಿದೆ.
ಒದ್ದೆ ಹೆಬ್ಬೆರಳು ಅಕ್ಷರದಿಂದ ಅಕ್ಷರಕ್ಕೆ ಜಾರುತ್ತಿತ್ತು.
ಇದೆ, ಎಂದು ಬರೆದೆ. ಆಮೇಲೆ,
ಒಂದೂವರೆ.
ಹೋಯಿತೋ ಇಲ್ಲವೋ, ಫೋನು ಆರಿತು.
ಇಡಿಯದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡು
ಅರ್ಧದ್ದನ್ನು ಹಚ್ಚಿದೆ. ನೀರು ಇಳಿಯಬೇಕು.

ವಾಯಿದೆ ಇದೆ, ಮುಂದಿನ ತಿಂಗಳು ಹದಿನಾರಕ್ಕೆ,
ಕೋರ್ಟಿನ ಮಾಡು ಉಳಿದಿದ್ದರೆ.
ಗುಮಾಸ್ತ ಆ ಇಬ್ಬರು ಹೆಂಗಸರನ್ನು
ಮೂರು ಮೂರು ಸಲ ಕೂಗುತ್ತಾನೆ.
ಯಾರು ಏಳುತ್ತಾರೋ.